ಅಪ್‌ಡೇಟ್: ಎಂಜಿನ್ ಸರಿಯಾಯ್ತು, ಪ್ರಯಾಣ ನಿಂತಿಲ್ಲ

ನಾನು, ನನ್ನ ಹೆಂಡತಿ ಕಾಲುವೆ, ನದಿಗಳ ದಾರಿಯಲ್ಲಿ ದೋಣಿ ಹತ್ತಿ ದೂರ ಹೊರಟಿದ್ದೇವೆ. ಅರ್ಧ ದಾರಿಯಲ್ಲಿ ಎಂಜಿನ್ ಪದೇ ಪದೇ ಬಿಸಿಯಾಗುತ್ತಿದೆ, ವಾಪಸ್ ಹೋಗಬೇಕಾ ಎಂದು ಕೇಳಿದ್ದೆ. ಹೋಗಲಿಲ್ಲ!

ನೀವು ಹೇಳಿದಂತೆ ಮೊದಲು, ಎಂಜಿನ್ ತಂಪಾಗಿಸುವ ನೀರು ಒಳಬರುವ ಫಿಲ್ಟರ್ ತೆರೆದೆವು. ತುಂಬಾ ಕಳೆ ಸಿಕ್ಕಿತ್ತು. ಅದನ್ನು ತೆಗೆದ ಮೇಲೂ ಬಿಸಿ ಇಳಿಯಲಿಲ್ಲ. ಆ ನೀರಿನ ಪಂಪ್ ಬಿಚ್ಚಿದರೆ ಒಳಗಿನ ರಬ್ಬರ್ ಇಂಪೆಲ್ಲರ್‌ನ (ತಿರುಗಿ ನೀರು ತಳ್ಳುವ ಚಕ್ರ) ರೆಕ್ಕೆಗಳೇ ಮುರಿದಿದ್ದವು. ಹೊಸದು ಹಾಕಿ ಹೊರಡೋಣ ಅಂದೆ. ಅವಳು ಬಿಡಲಿಲ್ಲ. "ಮುರಿದ ಚೂರುಗಳು ಎಲ್ಲಿ ಹೋದವು ರೀ?" ಸರಿಯಾದ ಪ್ರಶ್ನೆ ಅಲ್ವಾ? ಹೀಟ್ ಎಕ್ಸ್‌ಚೇಂಜರ್ (ಎಂಜಿನ್ ಬಿಸಿಯನ್ನು ಈ ನೀರು ಹೀರಿಕೊಳ್ಳುವ ಭಾಗ) ಬಿಚ್ಚಿ ನೋಡಿದರೆ, ಸಣ್ಣ ಕೊಳವೆಗಳ ಬಾಯಲ್ಲೇ ಸಿಕ್ಕಿಕೊಂಡಿದ್ದವು. ಒಂದೊಂದನ್ನೇ ಹೆಕ್ಕಿ, ಹಳೆಯ ಇಂಪೆಲ್ಲರ್‌ಗೆ ಜೋಡಿಸಿ, ಎಲ್ಲವೂ ಸಿಕ್ಕವು ಎಂದು ಖಾತ್ರಿ ಮಾಡಿಕೊಂಡೇ ಮುಚ್ಚಿದಳು. ಈಗ ಎಕ್ಸಾಸ್ಟ್‌ನಲ್ಲಿ (ಹೊಗೆ ಕೊಳವೆ) ನೀರು ಚೆನ್ನಾಗಿ ಬರುತ್ತಿದೆ, ಅಂದರೆ ತಂಪಾಗಿಸುವ ನೀರು ಸರಿಯಾಗಿ ಹರಿಯುತ್ತಿದೆ.

ಲಾಕ್ (ನೀರು ಏರಿಸಿ, ಇಳಿಸಿ ದೋಣಿಯನ್ನು ಬೇರೆ ಮಟ್ಟಕ್ಕೆ ಒಯ್ಯುವ, ಎರಡೂ ಕಡೆ ಗೇಟಿರುವ ತೊಟ್ಟಿ) ದಾಟಲು ಇಬ್ಬರು ಸಾಕಾ ಎಂದು ಕೆಲವರು ಕೇಳಿದ್ದಿರಿ. ಸಾಕು. ಒಬ್ಬರು ಚುಕ್ಕಾಣಿ, ಇನ್ನೊಬ್ಬರು ಗೇಟು. ಕೆಳಗೆ ಇಳಿಯುವಾಗ ಮಾತ್ರ ಜಾಸ್ತಿ ಎಚ್ಚರ ಬೇಕು. ಮೇಲಿನ ಗೇಟಿನ ಬುಡದಲ್ಲಿ ನೀರಿನೊಳಗೆ ಒಂದು ಕಟ್ಟೆ ಚಾಚಿಕೊಂಡಿರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತರೆ, ನೀರು ಇಳಿದಂತೆ ಮೂತಿ ಕೆಳಗಾಗಿ ದೋಣಿ ಮುಳುಗಬಹುದು. ಹಾಗೇನಾದರೂ ಆದರೆ ನೀರು ಬಿಡುವುದನ್ನು ತಕ್ಷಣ ನಿಲ್ಲಿಸಬೇಕು. ಎಂಜಿನ್ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ, ಅದಕ್ಕೇ ಕೈಸನ್ನೆ ಮಾಡಿಕೊಂಡಿದ್ದೇವೆ.

ಸದ್ಯ ಮಳೆಗೆ ಮುಂದಿನ ನದಿ ಏರಿದೆ. ಇಳಿಯುವವರೆಗೂ ಕಾಲುವೆಯಲ್ಲೇ ದೋಣಿ ಕಟ್ಟಿ ಕಾಯುತ್ತಿದ್ದೇವೆ.