ಕೋಲ್ವಾದ ಹಳೇ ಮನೆ: ಹೊಸ ಗಿಲಾವು ಒಂದೇ ಮಳೆಗಾಲಕ್ಕೆ ಉದುರುತ್ತಿದೆ

ಪ್ರಶ್ನೆ: ನಮಸ್ಕಾರ. ಗೋವಾದ ಕೋಲ್ವಾದಲ್ಲಿ ಕಡಲ ಹತ್ತಿರ ಹಳೇ ವಿಲ್ಲಾ ತಗೊಂಡಿದ್ದೇವೆ. ಚಿರೆಕಲ್ಲಿನ ಗೋಡೆ, ಮಂಗಳೂರು ಹೆಂಚು. ಅತ್ತೆ, ಮಾವ, ಮಕ್ಕಳು ಎಲ್ಲರಿಗೂ ಅನುಕೂಲ ಆಗುವ ಹಾಗೆ ಒಳಗೆ ಬದಲಾಯಿಸುತ್ತಿದ್ದೇವೆ. ಹಳೇ ಸುಣ್ಣದ ಗಾರೆ ಕೀಳಿಸಿ ವಾಟರ್‌ಪ್ರೂಫ್ ಸಿಮೆಂಟ್ ಗಿಲಾವು, ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಎಲ್ಲಾ ಆಗಿತ್ತು. ಈಗ ನೆಲದಿಂದ ಮೂರಡಿವರೆಗೆ ಗುಳ್ಳೆ ಎದ್ದಿದೆ, ಮುಟ್ಟಿದರೆ ಬಣ್ಣ ಹಪ್ಪಳದ ಹಾಗೆ ಮುರಿದು ಕೈಗೆ ಬರುತ್ತದೆ, ಹಿಂದೆ ಬಿಳೀ ಪುಡಿ. ಗೌಂಡಿ ಇನ್ನೊಂದು ಕೋಟ್ ಕೆಮಿಕಲ್ ಹೊಡೆಯೋಣ ಅಂತಾರೆ. ಹೊಡೆಸಲಾ?

ಉತ್ತರ: ಬೇಡ ಅಕ್ಕ, ದಯವಿಟ್ಟು ಹೊಡೆಸಬೇಡಿ. ಆ ಬಿಳೀ ಪುಡಿ ಉಪ್ಪು. ಚಿರೆಕಲ್ಲು ಅಡಿಪಾಯದಿಂದ ನೀರು ಎಳೆಯುತ್ತದೆ, ಸುಣ್ಣದ ಗಾರೆ ಇದ್ದಾಗ ಆ ತೇವ ಸುಮ್ನೆ ಆರಿ ಹೋಗುತ್ತಿತ್ತು, ಈಗ ಸಿಮೆಂಟು ಮತ್ತು ಪೇಂಟು ದಾರಿ ಮುಚ್ಚಿವೆ, ಹಾಗಾಗಿ ನೀರು ಒಳಗೇ ಆರಿ ಉಪ್ಪು ಹರಳುಗಟ್ಟಿ ಬಣ್ಣವನ್ನು ಹೊರಗೆ ತಳ್ಳುತ್ತಿದೆ. ಇನ್ನೊಂದು ಕೋಟ್ ಹಾಕಿದರೆ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ ಅಷ್ಟೇ.

ಒಂದು ಪರೀಕ್ಷೆ ಮಾಡಿ. ಒಂದಡಿ ಅಲ್ಯೂಮಿನಿಯಂ ಫಾಯಿಲ್ ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಬಿಡಿ. ಗೋಡೆ ಕಡೆಯ ಮುಖ ಒದ್ದೆಯಾದರೆ ತೇವ ಗೋಡೆಯೊಳಗಿನದು, ಕೋಣೆ ಕಡೆ ಒದ್ದೆಯಾದರೆ ಗಾಳಿಯದು. ಹೊರಗೆ ಅಂಗಳಕ್ಕೆ ಏನು ಹಾಕಿದ್ದೀರಿ?

ಪ್ರಶ್ನೆ: ಗೋಡೆ ಕಡೆಯೇ ಒದ್ದೆ ಸರ್. ಹೊರಗೆ ಕಾರಿಗೆ ಅಂತ ಗೋಡೆಗೆ ಅಂಟಿಸಿಯೇ ಇಂಟರ್‌ಲಾಕ್ ಹಾಕಿದೆ.

ಉತ್ತರ: ಸಮಸ್ಯೆ ಅಲ್ಲೇ ಇದೆ ನೋಡಿ, ಗೋಡೆ ಬುಡದ ತೇವ ಹೊರಗಡೆಗೂ ಆರಲು ದಾರಿಯಿಲ್ಲ. ಗೋಡೆಯಿಂದ ಎರಡಡಿ ಇಂಟರ್‌ಲಾಕ್ ತೆಗೆಸಿ ಜಲ್ಲಿ ತುಂಬಿಸಿ, ಹೊರಗಿನ ನೆಲ ಪ್ಲಿಂತ್‌ಗಿಂತ (ಮನೆಯ ಪಾಯದ ಕಟ್ಟೆಗಿಂತ) ಕೆಳಗಿರಲಿ, ಹೆಂಚಿನ ನೀರು ದೂರ ಹರಿಯಲಿ. ಒಳಗೆ ತೇವದ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೆ ಸಿಮೆಂಟ್ ಕೀಳಿಸಿ. ಉಪ್ಪನ್ನು ಒಣ ಬ್ರಷ್‌ನಲ್ಲೇ ತೆಗೆಯಿರಿ, ನೀರು ಹಾಕಿ ತೊಳೆದರೆ ಮತ್ತೆ ಒಳಗೆ ಹೋಗುತ್ತದೆ. ಮಳೆ ನಿಂತ ಮೇಲೆ ಗೋಡೆ ಚೆನ್ನಾಗಿ ಆರಲಿ, ಆಮೇಲೆ ಸುಣ್ಣದ ಗಾರೆ, ಮೇಲೆ ಸುಣ್ಣವೇ ಬಳಿಸಿ. ಮರಳು ನದಿಯದ್ದಿರಲಿ, ಗಾರೆ ಕಲಸಲು ಉಪ್ಪು ಬಾವಿ ನೀರು ಬೇಡವೇ ಬೇಡ. ಮೊದಲ ಬೇಸಿಗೆಯಲ್ಲಿ ಇನ್ನಷ್ಟು ಪುಡಿ ಬರುತ್ತದೆ, ಗಾಬರಿ ಬೇಡ, ಉಜ್ಜಿ ತೆಗೆದರಾಯಿತು.

ಇನ್ನೊಬ್ಬರ ಉತ್ತರ: ಮೇಲಿನವರು ಹೇಳಿದ್ದು ಸರಿ. ಕಿಟಕಿ ಸ್ಕ್ರೂ, ಹಿಂಜ್ ಎಲ್ಲಾ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತಗೊಳ್ಳಿ, 304 ದರ್ಜೆಯದ್ದಲ್ಲ. 316ರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಇರುವುದರಿಂದ ಉಪ್ಪುಗಾಳಿ ಜಾಸ್ತಿ ತಡೆಯುತ್ತದೆ. ಇನ್ನೊಂದು, ಮನೆ ಭರತ ರೇಖೆಯಿಂದ (ಉಬ್ಬರದಲ್ಲಿ ಕಡಲ ನೀರು ಬರುವ ಗಡಿಯಿಂದ) 200 ಮೀಟರ್ ಒಳಗಿದ್ದರೆ ಕೋಣೆ ಹಿಗ್ಗಿಸುವ ಮೊದಲು ಗೋವಾ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದಲ್ಲಿ ಕೇಳಿ. 2011ರ ಕರಾವಳಿ ನಿಯಂತ್ರಣ ವಲಯ (CRZ) ಅಧಿಸೂಚನೆ ಪ್ರಕಾರ ಅಲ್ಲಿ ಅಧಿಕೃತ ಹಳೇ ಮನೆಯ ರಿಪೇರಿಗೆ ಅವಕಾಶವಿದೆ, ಆದರೆ ಪ್ಲಿಂತ್ ವಿಸ್ತೀರ್ಣ ಹೆಚ್ಚಿಸುವಂತಿಲ್ಲ.

ಪ್ರಶ್ನೆ: ತುಂಬಾ ಥ್ಯಾಂಕ್ಸ್. ಅಡುಗೆಮನೆ ಮತ್ತು ಹಾಲ್ ನಡುವಿನ ಗೋಡೆ ತೆಗೆಸಬಹುದಾ?

ಉತ್ತರ: ಹೆಂಚಿನ ಮಾಡಿನ ತೊಲೆ ಆ ಗೋಡೆಯ ಮೇಲೆ ಕೂತಿದೆಯಾ ನೋಡಿ. ಕೂತಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ತೊಲೆಗೆ ಆಧಾರ ಕೊಡುವವರೆಗೆ ಒಂದು ಕಲ್ಲನ್ನೂ ತೆಗೆಸಬೇಡಿ.