ಐನೂರಕ್ಕೆ ಮೂವತ್ತೇಳು ಕಮ್ಮಿ

ಎಂಟು ಗಂಟೆ ಬಸ್ಸು ಬರುವುದು ಒಂಬತ್ತಕ್ಕೆ. ಆದರೂ ಅದರ ಹೆಸರು ಎಂಟು ಗಂಟೆ ಬಸ್ಸೇ. ಅದಕ್ಕೆ ಕಾಯುವ ಜಾಗ ನಮ್ಮೂರಿನ ಗೇಟು. ಗೇಟು ಅಂದರೆ ಗೇಟೇನೂ ಇಲ್ಲ. ಒಂದು ಹುಣಸೆ ಮರ, ನಿಂಗಣ್ಣನ ಟೀ ಅಂಗಡಿ, ಊರಿನ ಹೆಸರಿನ ಬೋರ್ಡು, ಅಷ್ಟೆ. ಟ್ರ್ಯಾಕ್ಟರ್ ಗುದ್ದಿ ಬೋರ್ಡು ಬಗ್ಗಿದೆ. ಅದರ ಬಾಣ ಈಗ ನೆಲ ತೋರಿಸುತ್ತಿದೆ. ಊರಿರುವುದು ಮಾತ್ರ ಅಲ್ಲಿಂದ ನಾಲ್ಕು ಕಿಲೋಮೀಟರ್ ಒಳಗೆ.

ಮೊನ್ನೆ ಹಾಗೇ ಕಾಯುತ್ತಾ ಕೂತಿದ್ದಾಗ ಮೇಷ್ಟ್ರು ಮೊಬೈಲ್ ನೋಡಿ, "ನಮ್ಮೂರು ಜನಗಣತಿ ಪಟ್ಟಿಯಲ್ಲಿದೆ ಕಣ್ರೋ. 2011ರದ್ದು. ಒಟ್ಟು 463 ಜನ" ಅಂದರು.

"ಯಾವ ದಿನ ಎಣಿಸಿದ್ರು ಸಾರ್?" ಅಂದ ಸೀನ. "ಮಾರಿಹಬ್ಬದ ದಿನ ಎಣಿಸಿದ್ರೆ ಸಾವಿರ. ಮಾರನೇ ದಿನ ಎಲ್ರೂ ಬೆಂಗಳೂರು ಬಸ್ಸು ಹತ್ತಿದ ಮೇಲೆ ಇನ್ನೂರು."

"2021ರಲ್ಲಿ ಮತ್ತೆ ಎಣಿಸಬೇಕಿತ್ತು. ಕೊರೋನಾ ಬಂತಲ್ಲ, ಈಗ 2027ಕ್ಕೆ ಹೋಗಿದೆ."

ನಿಂಗಣ್ಣ ಟೀ ಸೋಸುತ್ತಾ, "ನಮ್ಮಪ್ಪ ಹೋಗಿ ಎಂಟು ವರ್ಷ ಆಯ್ತು. ಪಟ್ಟಿಯಲ್ಲಿ ಇನ್ನೂ ಬದುಕವ್ರೆ ಅನ್ನಿ" ಅಂದ.

ಮೇಷ್ಟ್ರು ಇನ್ನೂ ಕೆಳಗೆ ಹೋದರು. ಊರಲ್ಲೇ ಬಸ್ಸಿಲ್ಲ ಅಂದರೆ ಎಷ್ಟು ದೂರದಲ್ಲಿ ಸಿಗುತ್ತೆ ಅನ್ನುವುದಕ್ಕೆ ಆ ಪಟ್ಟಿಯಲ್ಲಿ ಒಂದು ಅಕ್ಷರ ಹಾಕುತ್ತಾರಂತೆ. 5 ಕಿಲೋಮೀಟರ್ ಒಳಗಾದರೆ 'ಎ', 10ರ ಒಳಗಾದರೆ 'ಬಿ', ಅದಕ್ಕೂ ಮೇಲಾದರೆ 'ಸಿ'.

"ನಮ್ಮದು?"

"ಎ."

"ನೋಡಿ ಸಾರ್! ನನಗೆ ಎಸ್ಸೆಸ್ಸೆಲ್ಸಿಯಲ್ಲಿ ಸಿಗದ 'ಎ' ಊರಿಗೆ ಸಿಕ್ಕಿದೆ."

ಮಾತು ರಸ್ತೆಗೆ ತಿರುಗಿತು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲೇ ಶುರುವಾಗಿದ್ದು. ಬಯಲುಸೀಮೆಯ ಊರಿಗೆ 500 ಜನ ಇರಬೇಕು, ಗುಡ್ಡಗಾಡಾದರೆ 250 ಸಾಕು. ಈಗಿನ ನಾಲ್ಕನೇ ಹಂತಕ್ಕೆ 2011ರ ತಲೆ ಲೆಕ್ಕವೇ ಆಧಾರ. ಮೇಷ್ಟ್ರು ಇಷ್ಟು ಹೇಳಿ ಬೀಡಿ ಹಚ್ಚಿದರು.

"ಅಂದ್ರೆ ಮೂವತ್ತೇಳು ತಲೆ ಕಮ್ಮಿ" ಅಂದ ಸೀನ. "ಊರ ಹಿಂದಿನ ದಿಬ್ಬನ ಗುಡ್ಡ ಅಂತ ಬರೆಸಿದ್ರೆ ಆಗಲ್ವಾ?"

"ಅದರ ಮೇಲೆ ನಿಮ್ಮಜ್ಜಿ ದಿನಾ ಹಪ್ಪಳ ಒಣಗಿಸ್ತಾರಲ್ಲೋ. ಯಾರು ನಂಬ್ತಾರೆ? ಆದ್ರೆ ಇನ್ನೊಂದು ದಾರಿ ಇದೆ. 500 ಮೀಟರ್ ಒಳಗಿರೋ ಪಕ್ಕದ ಹಟ್ಟಿಯನ್ನೂ ಸೇರಿಸಿ ಲೆಕ್ಕ ಹಾಕಬಹುದು."

ಎಲ್ಲರೂ ಸುಮ್ಮನಾದರು. ಹಟ್ಟಿಯವರಿಗೂ ನಮಗೂ ಕೆರೆ ನೀರಿನ ವಿಷಯಕ್ಕೆ ಮಾತು ಬಿಟ್ಟು ಹತ್ತು ವರ್ಷ. ಸೀನ ಬೆರಳು ಮಡಚಿ ಹಟ್ಟಿಯ ಮನೆ ಮನೆಯ ತಲೆ ಎಣಿಸಿದ. ನಲವತ್ತೊಂಬತ್ತು.

"ಐನೂರ ಹನ್ನೆರಡು! ಸಾರ್, ಅವರು ಎಷ್ಟೇ ಆದ್ರೂ ನಮ್ಮೋರೇ ಅಲ್ವಾ?"

"ರಸ್ತೆ ಬಂದ್ರೆ ಅದರಲ್ಲಿ ನಮ್ಮಪ್ಪಂದೂ ಒಂದು ತಲೆ" ಅಂದ ನಿಂಗಣ್ಣ.

ಅಷ್ಟರಲ್ಲಿ ಊರಿನಿಂದ ಆಟೋ ಬಂತು. ಮೂರು ಜನ ಕೂರುವ ಆಟೋದಿಂದ ಹನ್ನೊಂದು ಜನ ಇಳಿದರು. ಡ್ರೈವರ್ ಅರ್ಧ ಒಳಗೆ, ಅರ್ಧ ಹೊರಗೆ. ಇವರನ್ನಷ್ಟೇ ಎಣಿಸಿದ್ದರೂ ಒಂದು ರಸ್ತೆ ಮಂಜೂರಾಗುತ್ತಿತ್ತೇನೋ. ಕೊನೆಗೆ ಇಳಿದ ಲಕ್ಷ್ಮಕ್ಕ ಸೆರಗಿನ ಗಂಟು ಬಿಚ್ಚಿ ಮೂವತ್ತು ರೂಪಾಯಿ ಕೊಟ್ಟು, ನಮ್ಮ ಕಡೆ ತಿರುಗಿದರು.

"2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ, ಸರಿ. ಮಗಳ ಮನೆಗೆ ಬೆಂಗಳೂರಿಗೆ ಪುಕ್ಕಟೆ ಹೋಗ್ತೀನಿ. ಗೇಟಿಗೆ ಬರೋಕೆ ಮೂವತ್ತು ರೂಪಾಯಿ. ಇದ್ಯಾವ ಸೀಮೆ ಲೆಕ್ಕ ಮೇಷ್ಟ್ರೇ?"

"ಇದು 'ಎ' ಲೆಕ್ಕ ಕಣಕ್ಕ" ಅಂದ ಸೀನ.

ಒಂಬತ್ತೂ ಹತ್ತಕ್ಕೆ ಬಸ್ಸು ಬಂತು. ಬಾಗಿಲಲ್ಲೇ ಜನ ಜೋತು ಬಿದ್ದಿದ್ದರು. ಕಂಡಕ್ಟರ್ ಆ ಜನರ ಕಂಕುಳ ಸಂದಿಯಿಂದ ತಲೆ ಹಾಕಿ, "ಎಷ್ಟು ಜನ?" ಅಂದರು.

ಸೀನ ಇನ್ನೂ ಲೆಕ್ಕದ ಗುಂಗಿನಲ್ಲೇ ಇದ್ದ. "ಐನೂರ ಹನ್ನೆರಡು!" ಅಂದುಬಿಟ್ಟ.

ಕಂಡಕ್ಟರ್ ಎರಡು ಸೀಟಿ ಊದಿದರು.