ಹಳೆಯ ಎಕ್ಸ್‌ಐ, ಐಟಿಐ ವಾದ್ಯ ಫೈಲ್‌ಗಳನ್ನು ಇಂದಿನ ಸ್ಯಾಂಪ್ಲರ್‌ಗೆ ತರುವುದು ಹೇಗೆ?

ಪ್ರಶ್ನೆ:
ಫಾಸ್ಟ್‌ಟ್ರ್ಯಾಕರ್ 2 (ಸ್ಯಾಂಪಲ್, ಅಂದರೆ ಧ್ವನಿಯ ತುಣುಕು, ಜೋಡಿಸಿ ಹಾಡು ಕಟ್ಟುವ ‘ಟ್ರ್ಯಾಕರ್’ ತಂತ್ರಾಂಶ) ಕಾಲದ ಸುಮಾರು 60 ಎಕ್ಸ್‌ಐ ಫೈಲ್‌ಗಳಿವೆ, ಜೊತೆಗೆ ಇಂಪಲ್ಸ್ ಟ್ರ್ಯಾಕರ್‌ನ ಒಂದಷ್ಟು ಐಟಿಐ. ಎಲ್ಲವನ್ನೂ ಎಸ್‌ಎಫ್‌ಝಡ್ (ಇಂದಿನ ಸ್ಯಾಂಪ್ಲರ್‌ಗಳು ಓದುವ ವಾದ್ಯ ಫೈಲ್ ಬಗೆ) ಮಾಡಬೇಕು. ಆಡಿಯೊ ಎಡಿಟರ್‌ನಲ್ಲಿ ರಾ ಡೇಟಾ ಎಂದು 8 ಬಿಟ್ ಸೈನ್ಡ್ (ಋಣ ಸಂಖ್ಯೆಯೂ ಇರುವ ಬಗೆ), ಮೊನೊ ಕೊಟ್ಟು ತೆರೆದರೆ ಮೊದಲು ‘ಟಪ್’ ಎನ್ನುತ್ತದೆ, ಆಮೇಲೆ ವಾದ್ಯದ ನೆರಳಷ್ಟೇ ಕೇಳಿಸಿ ಮೇಲೆಲ್ಲ ಚುರುಗುಟ್ಟುವ ಸದ್ದು. ಫೈಲ್ ಕೆಟ್ಟಿದೆಯೋ, ತೆರೆಯುವ ಕ್ರಮವೇ ತಪ್ಪೋ? ಲೂಪ್ (ಮತ್ತೆ ಮತ್ತೆ ನುಡಿಯುವ ಭಾಗ), ಎನ್ವಲಪ್ (ಸದ್ದಿನ ಏರಿಳಿತದ ನಕ್ಷೆ) ಉಳಿಸಿಕೊಳ್ಳಬಹುದೇ?

ಉತ್ತರ 1:
ಫೈಲ್ ಕೆಟ್ಟಿಲ್ಲ. ಎಕ್ಸ್‌ಐಯಲ್ಲಿ ಸ್ಯಾಂಪಲ್ ಇರುವುದು ಡೆಲ್ಟಾ ರೂಪದಲ್ಲಿ. ಅಂದರೆ ಅಲ್ಲಿನ ಬೈಟ್ ಅಲೆಯ ಎತ್ತರವಲ್ಲ, ಹಿಂದಿನ ಎತ್ತರಕ್ಕಿಂತ ಎಷ್ಟು ಏರಿತು ಅಥವಾ ಇಳಿಯಿತು ಎಂಬ ವ್ಯತ್ಯಾಸ. ಅದನ್ನೇ ಅಲೆ ಎಂದು ನುಡಿಸಿದರೆ ಮಂದ್ರ ಸೊರಗಿ ತಾರ ಉಬ್ಬುತ್ತದೆ. ಮೊದಲಿನ ‘ಟಪ್’ ಹೆಡರ್‌ನದು, ಅಂದರೆ ಫೈಲ್‌ನ ಆರಂಭದಲ್ಲಿರುವ ವಿವರದ ಭಾಗದ್ದು.

ಹೆಡರ್ 298 ಬೈಟ್, ಅದರ ಹಿಂದೆಯೇ ಸ್ಯಾಂಪಲ್ ಒಂದಕ್ಕೆ 40 ಬೈಟ್‌ನಂತೆ ವಿವರ. ಮೂರು ಸ್ಯಾಂಪಲ್ ಇದ್ದರೆ ಧ್ವನಿ ಶುರುವಾಗುವುದು 418ನೇ ಬೈಟ್‌ನಿಂದ (ಎಣಿಕೆ ಸೊನ್ನೆಯಿಂದ). ನೀವೇ ಸ್ಕ್ರಿಪ್ಟ್ ಬರೆಯುವುದಾದರೆ ಪ್ರತಿ ಸ್ಯಾಂಪಲ್‌ಗೂ ಸೊನ್ನೆಯಿಂದ ಆರಂಭಿಸಿ ವ್ಯತ್ಯಾಸಗಳನ್ನು ಕೂಡಿಸುತ್ತಾ ಹೋಗಿ. ಮೊತ್ತ 127 ದಾಟಿದಾಗ −128ರ ಕಡೆಯಿಂದ ಸುತ್ತಿ ಬರಬೇಕು. 127ಕ್ಕೇ ತಡೆದರೆ ಅಲ್ಲಿಂದಾಚೆಗಿನ ಅಲೆಯೆಲ್ಲ ಜಾಗ ತಪ್ಪುತ್ತದೆ.

ಇನ್ನೊಂದು ಎಡವಟ್ಟು: ಉದ್ದ, ಲೂಪ್ ಆರಂಭ, ಲೂಪ್ ಉದ್ದ ಮೂರೂ ಬೈಟ್ ಲೆಕ್ಕದಲ್ಲಿವೆ. 16 ಬಿಟ್ ಸ್ಯಾಂಪಲ್ ಆದರೆ ಎರಡರಿಂದ ಭಾಗಿಸಲೇಬೇಕು. ವೇವ್ ಫೈಲ್‌ನಲ್ಲಿ ಲೂಪ್‌ನ ಕೊನೆಯ ಸ್ಯಾಂಪಲ್ ಬಿಂದು ಕೂಡ ನುಡಿಯುತ್ತದೆ, ಆದ್ದರಿಂದ ಕೊನೆ = ಆರಂಭ + ಉದ್ದ − 1. ಚಿಕ್ಕ ಲೂಪ್‌ಗಳಲ್ಲಿ ಆ ಒಂದು ಬಿಂದು ತಪ್ಪಿದರೂ ಶ್ರುತಿ ಕೆಡುತ್ತದೆ.

ಸ್ಕ್ರಿಪ್ಟ್ ಬೇಡವಾದರೆ ಓಪನ್‌ಎಂಪಿಟಿ ಎಂಬ ಟ್ರ್ಯಾಕರ್ ಸಾಕು. ಹೊಸ ಮಾಡ್ಯೂಲ್ (ಟ್ರ್ಯಾಕರ್ ಹಾಡಿನ ಫೈಲ್) ತೆರೆದು ಇನ್‌ಸ್ಟ್ರುಮೆಂಟ್ಸ್ ಟ್ಯಾಬ್‌ನಲ್ಲಿ ಎಕ್ಸ್‌ಐ ಲೋಡ್ ಮಾಡಿ, ಸೇವ್ ಒತ್ತಿದಾಗ ಫೈಲ್ ಬಗೆಯಲ್ಲಿ ಎಸ್‌ಎಫ್‌ಝಡ್ ಆರಿಸಿ. ಐಟಿಐಗೂ ಇದೇ ದಾರಿ.

ಉತ್ತರ 2:
ಮೇಲಿನದಕ್ಕೆ ಶ್ರುತಿಯ ಲೆಕ್ಕ ಸೇರಿಸುತ್ತೇನೆ, ಏಕೆಂದರೆ ಎಕ್ಸ್‌ಐಯಲ್ಲಿ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಬಿಂದು) ಎಂಬ ಅಂಕಿಯೇ ಇಲ್ಲ. ಇರುವುದು ರಿಲೇಟಿವ್ ನೋಟ್ (ಎಷ್ಟು ಅರ್ಧಸ್ವರ ಮೇಲೆ ಅಥವಾ ಕೆಳಗೆ) ಮತ್ತು ಫೈನ್‌ಟ್ಯೂನ್ (ಅದಕ್ಕಿಂತ ಸೂಕ್ಷ್ಮ ತಿದ್ದುಪಡಿ). ಎರಡೂ ಸೊನ್ನೆಯಾದರೆ ಮಧ್ಯ ಸಿ ಸ್ವರದಲ್ಲಿ ಸ್ಯಾಂಪಲ್ 8363 ಹರ್ಟ್ಜ್‌ನಲ್ಲಿ ಓಡುತ್ತದೆ. ರಿಲೇಟಿವ್ ನೋಟ್ 12 ಹೆಚ್ಚಿದರೆ ರೇಟ್ ಇಮ್ಮಡಿ, ಅಂದರೆ 16726. ಫೈನ್‌ಟ್ಯೂನ್‌ನ 128 ಹೆಜ್ಜೆ ಸೇರಿದರೆ ಒಂದು ಅರ್ಧಸ್ವರ. 44100 ಹರ್ಟ್ಜ್‌ನಲ್ಲಿ ಮಧ್ಯ ಸಿ ಆಗಿಯೇ ಧ್ವನಿಮುದ್ರಿಸಿದ ಸ್ಯಾಂಪಲ್‌ನಲ್ಲಿ ರಿಲೇಟಿವ್ ನೋಟ್ 29, ಫೈನ್‌ಟ್ಯೂನ್ −28 ಕಾಣುತ್ತದೆ. ಎರಡೂ ಸೈನ್ಡ್ ಬೈಟ್‌ಗಳು. ಅನ್‌ಸೈನ್ಡ್ ಎಂದು ಓದಿದರೆ −28 ಹೋಗಿ 228 ಆಗಿ, ಸ್ವರ ಎರಡು ಅರ್ಧಸ್ವರ ಮೇಲೇರುತ್ತದೆ. ‘ಎಲ್ಲ ಸರಿ, ಶ್ರುತಿ ಮಾತ್ರ ಚೂರು ಆಚೀಚೆ’ ಎನಿಸಿದರೆ ಮೊದಲು ಇಲ್ಲೇ ಹುಡುಕಿ.

ಐಟಿಐಯಲ್ಲಿ ಈ ಗೋಜಿಲ್ಲ. ರೇಟ್ ನೇರ ಹರ್ಟ್ಜ್‌ನಲ್ಲೇ ಇದೆ, ಉದ್ದವೂ ಬೈಟ್ ಅಲ್ಲ, ಸ್ಯಾಂಪಲ್ ಬಿಂದುಗಳ ಎಣಿಕೆ. ಆದರೆ ಇಂಪಲ್ಸ್ ಟ್ರ್ಯಾಕರ್ 2.14ರಿಂದ ಸ್ಯಾಂಪಲ್ ಸಂಕುಚಿತವಾಗಿರಬಹುದು. ಸ್ಯಾಂಪಲ್ ಹೆಡರ್‌ನ 18ನೇ ಬೈಟ್‌ನಲ್ಲಿ 8 ಬೆಲೆಯ ಬಿಟ್ (ಸಂಕುಚನದ ಗುರುತು) ಇದ್ದರೆ ರಾ ತೆರೆಯುವ ಪ್ರಯತ್ನವೇ ಬೇಡ.

ಪ್ರಶ್ನೆ ಕೇಳಿದವರಿಂದ:
ಓಪನ್‌ಎಂಪಿಟಿಯಲ್ಲಿ ಸ್ವಚ್ಛವಾಗಿ ಬಂತು. ಈಗ ಎರಡು ತೊಡಕು. ಕೆಲವು ಸ್ಟ್ರಿಂಗ್ಸ್ ಲೂಪ್‌ನಲ್ಲಿ ‘ಟಿಕ್ ಟಿಕ್’ ಎನ್ನುತ್ತವೆ. ಕೀ ಬಿಟ್ಟಾಗ ಸ್ವರ ಆರುವ ರೀತಿಯೂ ಮೂಲದಂತಿಲ್ಲ.

ಉತ್ತರ 3:
ಟಿಕ್ ಸದ್ದು ಬಹುಪಾಲು ಪಿಂಗ್‌ಪಾಂಗ್ ಲೂಪ್‌ನದು, ಅಂದರೆ ಮುಂದಕ್ಕೆ ಓಡಿ ಮತ್ತೆ ಹಿಂದಕ್ಕೆ ಓಡುವ ಲೂಪ್‌ನದು. ನಿಮ್ಮ ಪ್ಲೇಯರ್ ಹಿಂದಕ್ಕೆ ಓಡಲಾರದೆ ಕೊನೆಯಿಂದ ನೇರ ಆರಂಭಕ್ಕೆ ಹಾರುತ್ತಿದೆ. ಪರಿವರ್ತನೆಗೆ ಮುನ್ನವೇ ಲೂಪ್ ಭಾಗವನ್ನು ನಕಲಿಸಿ, ತಿರುಗುಮುರುಗು ಮಾಡಿ, ಲೂಪ್ ಮುಗಿಯುವ ಜಾಗದಲ್ಲೇ ಅಂಟಿಸಿ. ನಂತರ ಲೂಪ್ ಉದ್ದ ಇಮ್ಮಡಿ ಮಾಡಿ ಬಗೆಯನ್ನು ಮುಮ್ಮುಖಕ್ಕೆ ಬದಲಿಸಿ. ಸದ್ದು ಮೊದಲಿನಂತೆಯೇ ಇರುತ್ತದೆ.

ಎನ್ವಲಪ್‌ನ ಕಾಲ ಸೆಕೆಂಡ್‌ನಲ್ಲಿಲ್ಲ, ‘ಟಿಕ್’ ಎಂಬ ಟ್ರ್ಯಾಕರ್‌ನ ಕಾಲಮಾನದಲ್ಲಿದೆ (ಮೇಲಿನ ಸದ್ದಲ್ಲ). 125 ಬಿಪಿಎಂ ವೇಗದಲ್ಲಿ ಒಂದು ಟಿಕ್ 20 ಮಿಲಿಸೆಕೆಂಡ್. ವೇಗ ಬದಲಾದರೆ ಅದೂ ಬದಲಾಗುತ್ತದೆ, ಹಾಗಾಗಿ ಆ ವಾದ್ಯ ಯಾವ ವೇಗದ ಹಾಡಿನದು ಎಂದು ನೋಡಿ ಲೆಕ್ಕ ಹಾಕಿ. ಎಕ್ಸ್‌ಐಯಲ್ಲಿ ಕೀ ಬಿಟ್ಟ ಮೇಲೆ ಸದ್ದಿನ ಮಟ್ಟ 32768ರಿಂದ ಪ್ರತಿ ಟಿಕ್‌ಗೂ ಫೇಡ್‌ಔಟ್ ಬೆಲೆಯಷ್ಟು ಕಳೆಯುತ್ತಾ ಹೋಗುತ್ತದೆ. ಬೆಲೆ 256 ಇದ್ದರೆ 128 ಟಿಕ್, ಅಂದರೆ 2.56 ಸೆಕೆಂಡ್. ಅದನ್ನೇ ಎಸ್‌ಎಫ್‌ಝಡ್‌ನ ರಿಲೀಸ್‌ಗೆ (ಕೀ ಬಿಟ್ಟ ಮೇಲೆ ಸ್ವರ ಆರುವ ಕಾಲ) ಹಾಕಿ. ಆದರೆ ಟ್ರ್ಯಾಕರ್‌ನ ಇಳಿತ ಸರಳರೇಖೆ, ಹಲವು ಪ್ಲೇಯರ್‌ಗಳದು ಮೊದಲೇ ಕುಸಿಯುವ ವಕ್ರರೇಖೆ. ಕಿವಿಗೆ ಗಿಡ್ಡ ಎನಿಸಿದರೆ ಹೆಚ್ಚಿಸಿ. ವಾಲ್ಯೂಮ್ ಎನ್ವಲಪ್ಪೇ ಆಫ್ ಇರುವ ಎಕ್ಸ್‌ಐ ಆದರೆ ಫೇಡ್‌ಔಟ್ ಬೆಲೆ ನೋಡಬೇಡಿ, ಫಾಸ್ಟ್‌ಟ್ರ್ಯಾಕರ್ ಅಂಥ ಸ್ವರವನ್ನು ಕೀ ಬಿಟ್ಟೊಡನೆ ನಿಲ್ಲಿಸುತ್ತದೆ. ರಿಲೀಸ್ ಸೊನ್ನೆಯ ಹತ್ತಿರವೇ ಇರಲಿ.

12 ಬಿಂದುಗಳ ಎನ್ವಲಪ್ ಮಾತ್ರ ಸಾಮಾನ್ಯ ಎಡಿಎಸ್‌ಆರ್‌ನಲ್ಲಿ (ಏರುವ, ಇಳಿಯುವ, ನಿಲ್ಲುವ, ಆರುವ ನಾಲ್ಕೇ ಹಂತದ ಎನ್ವಲಪ್) ಹಿಡಿಸುವುದಿಲ್ಲ. ಅದರ ಆಕಾರವೇ ವಾದ್ಯದ ಜೀವಾಳವಾಗಿದ್ದರೆ ಟ್ರ್ಯಾಕರ್‌ನಲ್ಲೇ ನುಡಿಸಿ ಮೂರು ಅರ್ಧಸ್ವರಕ್ಕೊಂದರಂತೆ ವೇವ್‌ಗೆ ರೆಂಡರ್ ಮಾಡಿಕೊಳ್ಳಿ. ಮೂಲ ಎಕ್ಸ್‌ಐಗಳನ್ನು ಅಳಿಸಬೇಡಿ.